ಹಳ್ಳಕ್ಕೆ ಬಿಟ್ಟ ನೀರು

"ಹಳ್ಳ ನಿಮ್ಮಪ್ಪಂದೇನಲೇ ಸೂಳೇಮಗನ? ಪೈಪ್ ಅಕಡಿ ಒಗಿ ಅಂದ್ರ ಒಗೀಬೇಕು!"

ಶಂಕರಲಿಂಗ ಸಾವಕಾರ ಹೊಂಡದ ದಂಡೆಯ ಮೇಲೆ ನಿಂತು ಬೈಯುತ್ತಿದ್ದ. ಮುಡಬಿ ಕಡೆಯ ಹಳ್ಳದ ಪಕ್ಕ ಗರಸು, ಅಂದರೆ ಕಲ್ಲುಹರಳಿನ ಮಣ್ಣು, ಅಗೆಯುವ ಕ್ವಾರಿ ಅವನದು. ಗರಸು ತೊಳೆಯುವ ಪಂಪು ನಡೆಸುವವನು ನಾನು, ಮಚ್ಚೇಂದ್ರ. ತೊಳೆದ ರಾಡಿ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಕೆಸರು ತಳಕ್ಕಿಳಿದ ಮೇಲೆ ಮತ್ತೆ ತೊಳೆಯಲು ಬಳಸಬೇಕು. ಹೊಂಡ ಕೆಸರಿನಿಂದಲೇ ತುಂಬಿಹೋಗಿತ್ತು. ಎತ್ತಿಸಬೇಕೆಂದರೆ ಎರಡು ದಿನ ಕೆಲಸ ನಿಲ್ಲಿಸಬೇಕಿತ್ತು.

"ಸಾವಕಾರ್ರ, ಕೆಳಗ ನಮ್ಮ ಓಣಿ ಹೆಣಮಕ್ಕಳು ಉಸುಕಿನ್ಯಾಗ ವರತಿ ತೋಡಿ ಕುಡಿಯೋ ನೀರ ತುಂಬ್ತಾರ್ರಿ."

"ನಿಮಗೇನು ಬಾಟ್ಲಿ ನೀರ ಬೇಕೇನಲೇ? ಹಂಗಾರ ನಾಳಿಂದ ಬರಬ್ಯಾಡ."

ಪೈಪು ಹಳ್ಳಕ್ಕೆ ಹಾಕಿದೆ. ಕಾಣದಂತೆ ಅದರ ಮೇಲೆ ಜಾಲಿಕಂಟಿ ಮುಚ್ಚಿದವನೂ ನಾನೇ.

ಮನೆಯಲ್ಲಿ ಅವ್ವ, ಕಮಳಾಬಾಯಿ, ಆ ರಾಡಿಯನ್ನು ಹಳೆ ಸೀರೆಯಲ್ಲಿ ಸೋಸುತ್ತಿದ್ದಳು. "ಜೆಸಿಬಿ ಹಳ್ಳಕ್ಕ ಇಳದಿರಬೇಕವ್ವ" ಎಂದು ಗಂಗಾಳ ನೋಡುತ್ತ ರೊಟ್ಟಿ ತಿಂದೆ.

ಐದನೇ ದಿನ ಅವ್ವ ನಾಲ್ಕು ಹೆಂಗಸರೊಂದಿಗೆ ಆಟೋ ಹಿಡಿದು ಕಲ್ಯಾಣದ ತಾಲೂಕು ಕಚೇರಿಗೆ ಹೋಗಿ ತಕರಾರು ಕೊಟ್ಟಳು. ಮರುದಿನ ಕ್ವಾರಿಗೆ ಅಧಿಕಾರಿಯ ಜೀಪು ಬಂತು. ಅವ್ವ ಆ ಹೆಂಗಸರೊಂದಿಗೆ ಬಂದು ರಾಡಿ ನೀರಿನ ಕೊಡವನ್ನು ಅವನ ಮುಂದಿಟ್ಟಳು.

"ಏ ಮುದುಕಿ, ದೂರ ನಿಂದ್ರು. ಬೂಟಿಗಿ ಸಿಡೀತದ." ಅಧಿಕಾರಿ ನನ್ನ ಕಡೆ ತಿರುಗಿದ. "ನೀರ ಎಲ್ಲಿ ಬಿಡ್ತಿ?"

ಸಾವಕಾರ ನನ್ನನ್ನೇ ನೋಡುತ್ತಿದ್ದ.

"ಹೊಂಡಕ್ಕರಿ."

"ಕೇಳಿದ್ರಿಲ್ಲೋ ಸಾಹೇಬ್ರ? ಅವರ ಓಣಿಯವನೇ ಹೇಳ್ಲಾಕತ್ತಾನ." ಸಾವಕಾರ ನಕ್ಕ.

ಅಧಿಕಾರಿ ಬರೆದುಕೊಂಡು ಅವ್ವನ ಕಡೆ ತಿರುಗಿದ. "ಇಂವ ನಿನಗ ಏನಾಗಬೇಕು?"

ಅವ್ವ ನನ್ನ ಮುಖ ನೋಡಿದಳು. ನನ್ನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

"ಏನೂ ಆಗಬೇಕಿಲ್ರಿ. ಇಂವ ನಮ್ಮಾಂವ ಅಲ್ಲ."

ನನ್ನ ಕೆಲಸ ಉಳಿಯಲೆಂದು ಹಾಗಂದಳೋ, ನಿಜವಾಗಿಯೂ ಅಂದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಸುಳ್ಳ ಹೇಳೀನ್ರಿ ಸಾಹೇಬ್ರ! ಆಕಿ ನಮ್ಮವ್ವ. ನೀರ ನಾನೇ ಹಳ್ಳಕ್ಕ ಬಿಟ್ಟೀನಿ, ಬಂದು ನೋಡ್ರಿ!"

ಓಡಿಹೋಗಿ ಬರಿಗೈಯಲ್ಲೇ ಕಂಟಿ ಎಳೆದು ಹಾಕಿದೆ. ಪೈಪಿನಿಂದ ಕೆಂಪು ರಾಡಿ ಧೋ ಎಂದು ಸುರಿಯುತ್ತಿತ್ತು.

ಅಧಿಕಾರಿ ಅದನ್ನು ನೋಡಿದ. ಸಾವಕಾರನನ್ನು ನೋಡಿದ. ಪೆನ್ನು ಜೇಬಿಗಿಟ್ಟುಕೊಂಡ.

"ನಿನ್ನ ಹೇಳಿಕಿ ಬರಕೊಂಡಾಗ್ಯಾದ" ಎಂದವನೇ ಜೀಪು ಹತ್ತಿದ.

ಸಾವಕಾರನ ಚಪ್ಪಲಿ ನನ್ನ ಕಿವಿಯ ಮೇಲೆ ಬಿತ್ತು. ಅವನು ಮತ್ತೊಮ್ಮೆ ಕೈ ಎತ್ತುವಷ್ಟರಲ್ಲಿ ನನ್ನ ಕೈಗೆ ಸಲಿಕೆ ಬಂದಿತ್ತು. ಅವನು ಹಿಂದೆ ಸರಿದ. ನಾನು ದಂಡೆ ಏರಿ ಪೈಪಿನ ಮೇಲೆ ಸಲಿಕೆ ಹೊಡೆದೆ. ನಾಲ್ಕನೇ ಏಟಿಗೆ ಪೈಪು ಸೀಳಿ, ರಾಡಿಯೆಲ್ಲ ಅವನ ಕ್ವಾರಿಯೊಳಗೇ ನುಗ್ಗಿತು.

ಹೆಂಗಸರು ಹೋ ಎಂದು ಕೂಗಿದರು. ಅವ್ವ ಕೂಗಲಿಲ್ಲ. ನನ್ನ ಪಕ್ಕದಿಂದಲೇ ಹಳ್ಳಕ್ಕಿಳಿದು, ರಾಡಿ ತಾಗದ ಮೇಲಿನ ಉಸುಕಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಹೊಸ ವರತಿ ತೋಡತೊಡಗಿದಳು. ನಾನೂ ಹೋಗಿ ಎದುರಿಗೆ ಕೂತು ಉಸುಕಿಗೆ ಕೈ ಹಾಕಿದೆ.

"ಕೈ ತೆಗಿ," ಎಂದಳು. "ಕುಡಿಯೋ ನೀರದು. ಮುಟ್ಟಬ್ಯಾಡ."