ಮದ್ದು ಹೋಗಬೇಕಿದ್ದ ದೋಣಿ

ಟೋಬಯಾಸ್ ವೆನ್ಲಾಕ್ ಇಪ್ಪತ್ತೆರಡು ವರ್ಷ ಚಾಥಮ್ಮಿನ ಹಡಗುಕಟ್ಟೆಯಲ್ಲಿ ದೋಣಿ ನಡೆಸಿದವನು. ಮೆಡ್ವೆ ಹೊಳೆಯ ಕೆಸರು ಎಲ್ಲಿ ದೋಣಿಯನ್ನು ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. 1667ರ ಜೂನ್ ತಿಂಗಳಲ್ಲಿ, ಯುದ್ಧ ಹೂಡಿದ್ದ ಡಚ್ಚರು ಹೊಳೆಯ ಬಾಯಿಗೆ ಬಂದು ಶೀರ್ನೆಸ್ ಕೋಟೆ ಹಿಡಿದ ಸುದ್ದಿ ಬಂತು. "ನಮ್ಮ ಸರಪಳಿ ದಾಟ್ಲಿ ನೋಡೋಣ" ಎಂದು ಹೆಂಡದಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಹೊಳೆಗೆ ಅಡ್ಡಲಾಗಿ ಬಿಗಿದ ಆ ಕಬ್ಬಿಣದ ಸರಪಳಿಯ ಹಿಂದೆ ನಿಂತಿದ್ದ ಕಾವಲು ಹಡಗಿನಲ್ಲಿ ಅವನ ಹೆಂಡತಿಯ ತಮ್ಮ ಜಾರ್ವಿಸ್ ತೋಪು ಹಾರಿಸುವವನಾಗಿದ್ದ.

ಬುಧವಾರ ಬೆಳಿಗ್ಗೆ ಹಡಗುಕಟ್ಟೆಯ ಅಧಿಕಾರಿ ಓಡುತ್ತಾ ಬಂದ. "ವೆನ್ಲಾಕ್, ಈ ಎಂಟು ಪೀಪಾಯಿ ತೋಪಿನ ಮದ್ದನ್ನ ಕಾವಲು ಹಡಗಿಗೆ ಮುಟ್ಟಿಸು. ಕೈಮೀರಿದ್ರೆ ಜನಾನ ಇಳಿಸ್ಕೊಂಡು ಬಾ."

"ಆಗ್ಲಿ ಸ್ವಾಮಿ" ಎಂದ ಟೋಬಯಾಸ್. ಹಾಗೆಂದಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಅಷ್ಟರಲ್ಲಿ ಹೊಳೆಯ ತುಂಬ ದೋಣಿಗಳು ಮೇಲ್ಮುಖವಾಗಿ ಹೊರಟಿದ್ದವು. ಒಂದರಲ್ಲಿ ಕಪಾಟು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಜಮಖಾನೆ. ಪರಿಚಯದ ದೋಣಿಯವನೊಬ್ಬ ಹುಟ್ಟು ನಿಲ್ಲಿಸಿ ನಕ್ಕ. "ಏನೋ, ಮದ್ದು ಹೊತ್ಕೊಂಡು ಸಾಯೋಕೆ ಹೊರಟ್ಯಾ? ದೊಡ್ಡೋರ ಬೆಳ್ಳಿ ತಟ್ಟೆಯೆಲ್ಲ ಆಗ್ಲೇ ರೋಚೆಸ್ಟರ್ ಸೇರಾಯ್ತು!"

ಹೊಳೆಯ ಕೆಳಗಡೆಯಿಂದ ತೋಪಿನ ಸದ್ದು ಕೇಳಿತು. ಗಾಳಿಯೂ ಉಬ್ಬರವೂ ಡಚ್ಚರ ಪರವಾಗಿದ್ದವು. ಟೋಬಯಾಸ್ ಪೀಪಾಯಿಗಳನ್ನು ಒಮ್ಮೆ ನೋಡಿದ. ಆಮೇಲೆ ಬರಿದೋಣಿಯನ್ನು ತನ್ನ ಮನೆಯ ಹಿಂದಿನ ಮೆಟ್ಟಿಲಿಗೆ ತಿರುಗಿಸಿದ.

ಗರಿಯ ಹಾಸಿಗೆ ಎತ್ತಿಕೊಡುತ್ತಾ ಹೆಂಡತಿ ಸಿಸ್ಲಿ ಕೇಳಿದಳು, "ಜಾರ್ವಿಸ್ ಕಡೆ ಯಾರು ಹೋದ್ರು?"

"ಬೇರೆ ದೋಣಿ ಹೋಗಿದೆ" ಎಂದ ಟೋಬಯಾಸ್, ಅವಳ ಮುಖ ನೋಡದೆ.

ರೋಚೆಸ್ಟರ್ ಸೇತುವೆಯ ಬಳಿ ಸಾಮಾನು ಇಳಿಸುವಾಗ ಹಿಂದೆ ಕರಿಹೊಗೆ ಎದ್ದಿತು. ಸರಪಳಿ ಹರಿದಿತ್ತು. ದಡದಲ್ಲಿದ್ದವರು ಅಯ್ಯೋ ಎಂದರು. ಟೋಬಯಾಸ್ ಮಾತ್ರ ಕೋಳಿಗೂಡನ್ನು ಎಲ್ಲಿಡಬೇಕೆಂದು ಮತ್ತೆ ಮತ್ತೆ ಕೇಳುತ್ತಿದ್ದ.

ಡಚ್ಚರು ಹೊಳೆ ಬಿಟ್ಟು ಹೋದ ಮೇಲೆ ಜಾರ್ವಿಸ್ ಅಕ್ಕನ ಮನೆಗೆ ನಡೆದು ಬಂದ. ಎರಡು ಕೈಗೂ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಸಿಸ್ಲಿ ಅವನನ್ನು ರೋಚೆಸ್ಟರಿನಿಂದ ಮರಳಿ ತಂದಿದ್ದ ಅದೇ ಗರಿಯ ಹಾಸಿಗೆಯ ಮೇಲೆ ಮಲಗಿಸಿದಳು. ಟೋಬಯಾಸ್ ಗಂಜಿ ಕುಡಿಸಲು ಚಮಚ ಹಿಡಿದು ಕೂತ.

"ನೀನು ಬದುಕಿದೀಯಲ್ಲ ಭಾವ, ಅಷ್ಟು ಸಾಕು" ಎಂದ ಜಾರ್ವಿಸ್. "ಮದ್ದು ತಗೊಂಡು ನೀನು ಬರ್ತೀಯ ಅಂತ ಹಡಗಲ್ಲಿ ಹೇಳಿದ್ರು. ನಿನ್ನ ದೋಣೀನ ಡಚ್ಚರು ಮುಳುಗಿಸಿದ್ರು ಅಂದ್ಕೊಂಡಿದ್ದೆ."

ಟೋಬಯಾಸ್ ಇನ್ನೊಂದು ಚಮಚ ತುಂಬಿದ.

"ಎಡ್ಮಂಡ್ ಪಿಲ್ಚರ್ ಗೊತ್ತಲ್ಲ, ನನ್ನ ಜೊತೆ ತೋಪಿನ ಹತ್ರ ಇದ್ದೋನು. ಈಜು ಬರ್ತಿರ್ಲಿಲ್ಲ. ಹಲಗೆ ಹಿಡ್ಕೊಂಡು ನೀರಿಗೆ ಬೀಳ್ತೀನಿ ಅಂದ. ನಾನೇ ಬೇಡ ಅಂದೆ. ನಮ್ಮ ಭಾವ ದೋಣಿ ತರ್ತಾನೆ, ತಡಿಯೋ ಅಂದೆ. ಅಷ್ಟರಲ್ಲಿ ಅವರು ಬೆಂಕಿ ಹಚ್ಚಿ ಬಿಟ್ಟ ಹಡಗು ಬಂದು ನಮ್ಮದಕ್ಕೆ ಅಂಟ್ಕೊಂತು." ಜಾರ್ವಿಸ್ ಗೋಡೆ ಕಡೆ ಮುಖ ಮಾಡಿದ. "ಅವನನ್ನ ಕೊಂದೋನು ನಾನೇ ಭಾವ."

ಟೋಬಯಾಸ್ ಗಂಜಿಯ ಬಟ್ಟಲನ್ನು ಕೆಳಗಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಾನು ಮಾಡಿದ್ದನ್ನು ಈ ಹುಡುಗ ಹೊತ್ತು ಮಲಗಿರುವುದನ್ನು ನೋಡುತ್ತಾ ಕೂರಲು ಅವನಿಂದ ಆಗಲಿಲ್ಲ.

"ನೀನಲ್ಲ. ನಾನು ಬರ್ಲೇ ಇಲ್ಲ. ಮದ್ದನ್ನ ಕಟ್ಟೆ ಮೇಲೇ ಬಿಟ್ಟು ಮನೆ ಸಾಮಾನು ಸಾಗಿಸ್ದೆ."

ಜಾರ್ವಿಸ್ ಗೋಡೆಯಿಂದ ಮುಖ ತಿರುಗಿಸಿದ. "ಏನೇನ್ ಸಾಗಿಸ್ದೆ?"

"ಹಿತ್ತಾಳೆ ಪಾತ್ರೆ. ಕೋಳಿ. ಈ ಹಾಸಿಗೆ."

ಜಾರ್ವಿಸ್ ಮೊಣಕೈ ಊರಿ ಎದ್ದು ಹಾಸಿಗೆಯಿಂದ ಇಳಿದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಸಿಸ್ಲಿ, "ಬೇರೆ ದೋಣಿ ಹೋಗಿದೆ ಅಂದ್ರಲ್ಲ" ಎಂದಷ್ಟೇ ಹೇಳಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನಡಿ" ಎಂದ ಜಾರ್ವಿಸ್. "ಇದನ್ನೇ ಎಡ್ಮಂಡನ ಅಮ್ಮನ ಹತ್ರ ಹೇಳು."

ಪಕ್ಕದೂರು ಗಿಲ್ಲಿಂಗಮ್ಮಿನಲ್ಲಿ ಎಡ್ಮಂಡನ ಮನೆಯ ಮುಂದೆ ಅವನ ಮುದಿ ತಾಯಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಟೋಬಯಾಸ್ ಟೋಪಿ ಕೈಯಲ್ಲಿ ಹಿಡಿದು, ನೆಲ ನೋಡುತ್ತಾ, ಒಂದೂ ಬಿಡದೆ ಹೇಳಿದ.

"ಆ ಮದ್ದು ಈಗೆಲ್ಲಿದೆ?" ಎಂದಳು ಮುದುಕಿ.

"ಕಟ್ಟೆ ಮೇಲೇ ಇದೆ ತಾಯಿ."

ಅವಳು ಮತ್ತೆ ಬಟಾಣಿಗೆ ಕೈ ಹಾಕಿದಳು. ಕುಳಿತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಮರುದಿನ ಟೋಬಯಾಸ್ ತಾನಾಗಿಯೇ ಅಧಿಕಾರಿಯ ಮುಂದೆ ನಿಂತು ಒಪ್ಪಿಕೊಂಡ. ಅಧಿಕಾರಿ ತಲೆ ಎತ್ತದೆ, "ಎಲ್ರೂ ಅದನ್ನೇ ಮಾಡಿದಾರಪ್ಪ. ಎಲ್ರನ್ನೂ ಜೈಲಿಗೆ ಹಾಕಿದ್ರೆ ದೋಣಿ ನಡ್ಸೋರ್ಯಾರು? ಕೆಲ್ಸಕ್ಕೆ ಹೋಗು" ಎಂದ. ಶಿಕ್ಷೆ ಸಿಕ್ಕರೆ ಸ್ವಲ್ಪವಾದರೂ ತಲೆ ಎತ್ತಬಹುದೆಂದು ಬಂದಿದ್ದವನು ತಲೆ ತಗ್ಗಿಸಿಯೇ ಹೊರಬಂದ.

ಬೇಸಿಗೆ ಮುಗಿಯುವ ಮೊದಲೇ ಡಚ್ಚರ ಜೊತೆ ರಾಜಿಯಾಯಿತು. ಜಾರ್ವಿಸನ ಎಡಗೈ ಗುಣವಾಯಿತು, ಬಲಗೈಯ ಬೆರಳುಗಳು ಮಡಿಚಿದಂತೆಯೇ ಉಳಿದವು. ಹಗ್ಗ ಹೊಸೆಯುವ ಮನೆಯಲ್ಲಿ ಕಾವಲು ಕೆಲಸ ಹಿಡಿದ. ದಾರಿಯಲ್ಲಿ ಸಿಕ್ಕಾಗ ಭಾವ ಎಂದು ಕರೆಯುವುದನ್ನು ಬಿಡಲಿಲ್ಲ. ಆದರೆ ಹೊಳೆ ದಾಟಬೇಕಾದಾಗ ಭಾವನ ದೋಣಿ ಹತ್ತದೆ ಎರಡು ಮೈಲಿ ನಡೆದು ಸೇತುವೆಯ ಮೇಲೆ ಹೋಗುತ್ತಿದ್ದ. ಟೋಬಯಾಸ್ ಅವನು ಮರೆಯಾಗುವವರೆಗೂ ಹುಟ್ಟು ಎತ್ತದೆ ದೋಣಿಯಲ್ಲೇ ಕೂತಿರುತ್ತಿದ್ದ.