ಸಮುದ್ರದ ದಂಡೆಯಲ್ಲಿ ಕಂಬಳಿ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಹಾಲಿನವಳು ಎಂದಿನಷ್ಟೇ ಅಳೆದು ಕೊಟ್ಟಳು. ಒಂದು ಲೋಟ ಹೆಚ್ಚಾಯಿತು.

ಅದನ್ನು ಒಲೆಗೆ ಇಡುವಷ್ಟರಲ್ಲಿ ಮೈದುನ ಲಕ್ಷ್ಮೀಪತಿ ಅಟ್ಟದಿಂದ ಡೇರೆ ಇಳಿಸುತ್ತಿದ್ದ. ಅಣ್ಣ ಅರ್ಧಕ್ಕೆ ಬಿಟ್ಟ ನಡಿಗೆಯನ್ನು ತಾನು ಮುಗಿಸುತ್ತಾನಂತೆ. ಭಾನುವಾರವೇ ಹೊರಡುತ್ತಾನಂತೆ.

ಅದು ಎಂಬತ್ತನಾಲ್ಕರ ಮೇ ತಿಂಗಳು. ನನ್ನ ಯಜಮಾನರು ಸ್ನೇಹಿತ ವೆಂಕಟಾಚಲನ ಜೊತೆ ಮಹಾಬಲಿಪುರದಿಂದ ಪಾಂಡಿಚೇರಿಗೆ ಸಮುದ್ರದ ದಂಡೆಯಲ್ಲೇ ನಡೆದು ಹೊರಟಿದ್ದರು. ಸಂಜೆಯಾದಲ್ಲಿ ಡೇರೆ ಹಾಕುವ ಯೋಚನೆ. ಮೊದಲ ದಿನವೇ ತೀರಿಕೊಂಡರು. ಬಿಸಿಲಿನ ಹೊಡೆತ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಬಂದವರಿಗೆಲ್ಲ ನಾನು ಅದನ್ನೇ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಎದ್ದು ಹೋಗುವಾಗ ಮಾತ್ರ ದೆವ್ವದ ಗಾಳಿ ಸೋಕಿತು ಪಾಪ ಎಂದರು. ಅತ್ತೆ ಭಾಗೀರಥಮ್ಮನವರೂ ಹಾಗೇ ನಂಬಿದ್ದರು. ಕಿರಿಮಗನ ತೋಳಿಗೆ ಆಗಲೇ ತಾಯಿತ ಕಟ್ಟಿಸಿದ್ದರು.

"ಅಂಚೆಟ್ಟಿ ಕಾಡಲ್ಲಿ ದಿನಕ್ಕೆ ಇಪ್ಪತ್ತು ಮೈಲಿ ನಡೆದಿದೀವಿ ಅತ್ತಿಗೆ. ಸಮುದ್ರದ ಗಾಳಿ ತಣ್ಣಗಿರತ್ತೆ. ಬಿಸಿಲೆಲ್ಲಿಂದ ತಗಲತ್ತೆ?" ಎಂದ ಲಕ್ಷ್ಮೀಪತಿ.

ನಮ್ಮ ಹೊಸೂರಿನಲ್ಲಿ ಬೆವರು ಬೇಗ ಆರುತ್ತದೆ, ಮೈ ತಣಿಯುತ್ತದೆ. ಅಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಕಾವು ಒಳಗೇ ನಿಲ್ಲುತ್ತದೆ ಎಂದೆ. ಎಷ್ಟನೆಯ ಸಲವೋ. ಅವನು ಡೇರೆಯ ಗೂಟ ಎಣಿಸುತ್ತಿದ್ದ.

"ನಿಮ್ಮದೆಲ್ಲ ಕಾಲೇಜಿನ ಮಾತು," ಎಂದ.

ನನಗೆ ಸಾಕಾಗಿಹೋಯಿತು. ತೊರಪಲ್ಲಿಯಿಂದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವ ವೆಂಕಟಾಚಲ ಎಂಟಕ್ಕೆ ನಮ್ಮ ಬೀದಿಯಲ್ಲೇ ಹಾಯುತ್ತಾನೆ. ಬಾಗಿಲಲ್ಲಿ ನಿಂತು ಕರೆದೆ. ಅಷ್ಟು ದಿನದಿಂದ ಅವನು ನನ್ನ ಮುಖ ನೋಡಿರಲಿಲ್ಲ. ಅಂದು ಆದದ್ದನ್ನು ಇವರಿಗೆ ಹೇಳು ಎಂದೆ.

ಹೇಳಿದ. ಬಿಸಿಲೇರಿದರೂ ನೆರಳಿಗೆ ನಿಲ್ಲಲಿಲ್ಲವಂತೆ. ನಡೆಯುವಾಗ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆಂದು ಇಬ್ಬರೂ ಬಾಯಿ ಮಾತ್ರ ಒದ್ದೆ ಮಾಡಿಕೊಂಡರಂತೆ. ಎರಡು ಗಂಟೆಗೆ ಯಜಮಾನರ ಮಾತು ತೊದಲಿತು. ನೀನು ಯಾರು ಎಂದು ವೆಂಕಟಾಚಲನನ್ನೇ ಕೇಳಿದರು. ಅವನು ಡೇರೆ ಹಾಕಿ ಒಳಗೆ ಮಲಗಿಸಿದ.

"ಆಮೇಲೆ?" ಎಂದ ಲಕ್ಷ್ಮೀಪತಿ.

"ಮೈ ಕಾದ ಹೆಂಚಾಗಿತ್ತು ಕಣ್ಲಾ. ಬೆವ್ರು ನಿಂತೋಗಿತ್ತು. ಜರ ಬಂದೈತೆ ಅಂದ್ಕೊಂಡು ಕಂಬ್ಳಿ ಹೊದಿಸ್ದೆ. ಜರದೋನಿಗೆ ತಣ್ಣೀರು ಸೋಕ್ಸಬಾರ್ದು ಅಂತ ಒಂದು ಹನೀನೂ ಹಾಕ್ಲಿಲ್ಲ."

"ಸಮುದ್ರ ಎಷ್ಟು ದೂರ ಇತ್ತು?" ಎಂದೆ.

"ಹತ್ತೆಜ್ಜೆ, ಅಕ್ಕ."

ಆ ನೀರನ್ನು ಆಗಲೇ ಮೈಮೇಲೆ ಸುರಿದಿದ್ದರೆ ಉಳಿಯುತ್ತಿದ್ದರೇನೋ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಉಪ್ಪುನೀರು ಕುಡಿಯಲು ಬಾರದು. ಮೈ ತಣಿಸಲು ಸಾಕು. ಕಂಬಳಿ ಕಟ್ಟಿಕೊಟ್ಟವರು ಅತ್ತೆ. ಆ ಮಾತನ್ನು ನಾನು ಎತ್ತಲಿಲ್ಲ. ಅವರೇ ಎದ್ದು ಬಂದು ಲಕ್ಷ್ಮೀಪತಿಯ ತೋಳಿನ ತಾಯಿತ ಬಿಚ್ಚಿದರು.

"ಪುಷ್ಯ ಮಾಸದಲ್ಲಿ ಹೋಗು. ಈಗ ಬೇಡ."

ಅವನು ಗೂಟಗಳನ್ನು ಚೀಲಕ್ಕೆ ತುಂಬಿದ. ಪುಷ್ಯದಲ್ಲೂ ಮಧ್ಯಾಹ್ನ ನಿಲ್ಲಬೇಕೇ, ನೀರು ಎಷ್ಟು ಒಯ್ಯಬೇಕು ಎಂದು ನನ್ನನ್ನು ಕೇಳಿದ. ಮೊದಲ ಸಲ ಕೇಳಿದ್ದು.

ಡೇರೆ ನಮ್ಮದಲ್ಲ. ಸ್ಕೌಟ್ ಹುಡುಗರನ್ನು ನೋಡಿಕೊಳ್ಳುವ ಗುಂಡಣ್ಣ ಮೇಷ್ಟರಿಂದ ಯಜಮಾನರು ನಾಲ್ಕು ದಿನಕ್ಕೆಂದು ತಂದದ್ದು. ವೆಂಕಟಾಚಲನ ಸೈಕಲ್ಲಿಗೆ ಅದನ್ನು ಕಟ್ಟಿಸಿ, ಜೊತೆಯಲ್ಲಿ ಮೇಷ್ಟರಿರುವ ಆಲಸನತ್ತಂವರೆಗೆ ನಡೆದೆ. ಇಷ್ಟು ಬೇಗ ಹೊಸ್ತಿಲು ದಾಟಬಾರದೆಂದು ಅತ್ತೆ ಅನ್ನಲಿಲ್ಲ.

ಮೇಷ್ಟರು ಸಂಕೋಚದಿಂದ, ಇರಲಿ ಇಟ್ಟುಕೊಳ್ಳಮ್ಮ ಎಂದರು. ನಾನು ಅವರ ಕೈಗೇ ಕೊಟ್ಟೆ. ಇನ್ನು ಬೇಸಿಗೆಯಲ್ಲಿ ಯಾರು ಕೇಳಿದರೂ ಡೇರೆಯ ಜೊತೆ ನಾಲ್ಕು ಮಾತನ್ನೂ ಕೊಟ್ಟು ಕಳಿಸಿ ಎಂದೆ. ಅವನ್ನೇ ನಿಮಗೂ ಹೇಳುತ್ತಿದ್ದೇನೆ.

ಬೇಸಿಗೆಯಲ್ಲಿ ದೂರ ನಡೆಯುವವರು ಹತ್ತರೊಳಗೆ ನೆರಳು ಸೇರಿ, ನಾಲ್ಕರ ನಂತರ ಏಳಿ. ಬಾಯಾರುವವರೆಗೆ ಕಾಯದೆ ನೀರನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಆಗಾಗ ಕುಡಿಯಿರಿ. ಜೊತೆಯವರ ಮೈ ಸುಡುತ್ತಿದ್ದು ಮಾತು ತೊದಲಿದರೆ, ಬೆವರು ನಿಂತಿರಲಿ, ಹರಿಯುತ್ತಿರಲಿ, ನೆರಳಲ್ಲಿ ಮಲಗಿಸಿ ಬಟ್ಟೆ ಸಡಿಲಿಸಿ. ಯಾವ ನೀರು ಸಿಕ್ಕರೂ ಮೈಮೇಲೆ ಸುರಿಯಿರಿ, ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಒಬ್ಬರು ಆಸ್ಪತ್ರೆಗೆ ಗಾಡಿ ಹುಡುಕಲಿ, ಇನ್ನೊಬ್ಬರು ಸುರಿಯುತ್ತಲೇ ಇರಲಿ.

ಹೊದಿಸಬೇಡಿ. ದಯವಿಟ್ಟು ಹೊದಿಸಬೇಡಿ.