ಎದ್ದು ಕೂತರೆ ಹಗುರ

ಅತ್ತೆ ಹೆರಿಗೆ ವಾರ್ಡಿನಲ್ಲೇ ಕೂದಲು ನೆರೆಸಿಕೊಂಡ ನರ್ಸು. ಹಾಗಾಗಿ ಮಗುವಾದ ಮೇಲೆ ಸೊಸೆಗೆ ತಲೆನೋವು ಶುರುವಾದಾಗ ಆ ಮನೆಯಲ್ಲಿ ಡಾಕ್ಟರಿಗೆ ಕೆಲಸವೇ ಉಳಿಯಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದಾರೆ, ಇದು ಅದರದ್ದೇ ನೋವು, ಎದ್ದು ಕೂತರೆ ಏರುತ್ತದೆ, ಅಂಗಾತ ಮಲಗಿದರೆ ತಾನಾಗಿ ಹೋಗುತ್ತದೆ ಎಂದು ಅತ್ತೆ ತೀರ್ಪು ಕೊಟ್ಟರು. ದಿಂಬು ತೆಗೆದರು, ಪರದೆ ಎಳೆದರು, ಚಮಚದಲ್ಲಿ ಕಾಫಿ ಕುಡಿಸಿದರು. ಹೆತ್ತ ತಾಯಿಯೂ ಇಷ್ಟು ಮಾಡುತ್ತಿರಲಿಲ್ಲ. ತೊಂದರೆ ಇದ್ದದ್ದೂ ಅಲ್ಲೇ. ಅಷ್ಟು ಪ್ರೀತಿ ಸುರಿಯುವವರಿಗೆ ಎದುರಾಡುವುದು ಹೇಗೆ?

ಮಲಗಿದರೆ ಅವಳ ತಲೆ ಸಿಡಿಯುತ್ತಿತ್ತು. ಎದ್ದು ಕೂತರೆ ಒಂದಿಷ್ಟು ಹಗುರ. ಅದನ್ನು ಹೇಳಲು ಎದ್ದಾಗಲೆಲ್ಲ ಅತ್ತೆಯ ಕೈ ಭುಜದ ಮೇಲೆ ಬಂದು ಮೆತ್ತಗೆ ಒತ್ತಿ ಮಲಗಿಸುತ್ತಿತ್ತು. ಗಂಡನಿಗೆ ಹೇಳಿದಳು. ಅಮ್ಮನಿಗಿಂತ ನಿನಗೆ ಗೊತ್ತಾ ಎಂದು ನಕ್ಕು, ಹೊದಿಕೆ ಸರಿಮಾಡಿ ಹೋದ. ಆಪರೇಷನ್ ಮಾಡಿದ ಡಾಕ್ಟರಮ್ಮನಿಗೆ ಫೋನ್ ಮಾಡಿದಾಗಲೂ ಮಾತಾಡಿದ್ದು ಅತ್ತೆಯೇ. ತಮ್ಮ ಜೊತೆ ದುಡಿದ ನರ್ಸಮ್ಮನ ಮಾತಿಗೆ ಅವರು ಹೂಂಗುಟ್ಟಿದರು. ಸೊಸೆ ಗೋಡೆ ಕಡೆ ತಿರುಗಿ ಸದ್ದಿಲ್ಲದೆ ಅತ್ತಳು. ಅವಳಿಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸತ್ತೇಹೋಗುತ್ತೇನೆಂಬ ಹೆದರಿಕೆ.

ಇಡೀ ಮನೆಯಲ್ಲಿ ಅವಳು ಕೂರಬಹುದಾದ ಜಾಗ ಒಂದೇ, ಬಚ್ಚಲುಮನೆ. ಒಂದು ಬೆಳಿಗ್ಗೆ ಚಿಲಕ ಹಾಕಿ ಗೋಡೆಗೊರಗಿ ಕೂತಾಗ ಎದುರಿನ ನಲ್ಲಿ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡರೂ ಎರಡೇ. ಹೊರಗಿನಿಂದ ಅತ್ತೆ ಬಾಗಿಲು ತಟ್ಟಿದರು.

"ಬಾರಮ್ಮ, ಮಲಕ್ಕೋ. ಕೂತಷ್ಟೂ ಜಾಸ್ತಿ ಆಗತ್ತೆ."

"ಮಲಗಲ್ಲ ಅತ್ತೆ. ಮಲಗಿದ್ರೇನೇ ನೋವು. ಈಗ ಎಲ್ಲಾ ಎರಡೆರಡು ಕಾಣ್ತಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ಮಾತ್ರ ಚಿಲಕ ತೆಗೀತೀನಿ."

ಎರಡೆರಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಮಗನನ್ನು ಕೂಗಿ, ಕಾರು ತೆಗಿ ಎಂದದ್ದು ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು. ಇದು ಬರೀ ಇಂಜೆಕ್ಷನ್ನಿನ ನೋವಿನ ಹಾಗಿಲ್ಲ, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡಿದರೆ ಜೀವಕ್ಕೇ ಕುತ್ತು, ಈಗಲೇ ಸ್ಕ್ಯಾನಿಂಗ್ ಆಗಬೇಕು ಎಂದರು. ಹಾಗೆಂದವರೇ ಅಭ್ಯಾಸಬಲದಿಂದ ಅತ್ತೆಯ ಕಡೆಗೆ ತಿರುಗಿ, ನೋವು ಯಾವಾಗ ಹೆಚ್ಚು, ಮಲಗಿದಾಗಲೋ ಕೂತಾಗಲೋ ಎಂದು ಕೇಳಿದರು.

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ಸೊಸೆಯನ್ನು ಮುಂದೆ ಬಿಟ್ಟರು.

"ಅವಳನ್ನೇ ಕೇಳಿ ಡಾಕ್ಟ್ರೇ," ಎಂದರು. "ನಾನು ಒಂದ್ಸಲಾನೂ ಕೇಳ್ಲಿಲ್ಲ."